ಸರ್ಪಗಂಧಿ: ನಿದ್ದೆ ತರುವ ಬೇರೊಂದರ ಚರಿತ್ರೆ

ನಮ್ಮ ಕೆಲಮಂಗಲದ ಹೆಸರು ಆಂಗ್ಲರು ಬರೆದ ಚರಿತ್ರೆಯ ಪುಸ್ತಕಗಳಲ್ಲಿ ಬರುವುದು ಯುದ್ಧದ ಪ್ರಸಂಗದಲ್ಲಿ. 1799ರ ಮಾರ್ಚ್ ತಿಂಗಳಿನಲ್ಲಿ ಜನರಲ್ ಹ್ಯಾರಿಸನ ದಂಡು ರಾಯಕೋಟೆಯ ಕಡೆಯಿಂದ ಮೇಲೇರಿ ಬಂದು ಇಲ್ಲಿ ಬೀಡುಬಿಟ್ಟು, ಇಲ್ಲಿಂದಲೇ ಶ್ರೀರಂಗಪಟ್ಟಣದತ್ತ ಹೊರಟಿತು. ಆ ದಂಡಿನ ಸಿಪಾಯಿಗಳೆಷ್ಟು, ಫಿರಂಗಿಗಳೆಷ್ಟು, ಎತ್ತುಗಳೆಷ್ಟು ಎಂಬುದನ್ನೆಲ್ಲ ಅವರು ಶ್ರದ್ಧೆಯಿಂದ ಲೆಕ್ಕವಿಟ್ಟರು. ದಂಡು ಹಾದುಹೋದ ಆ ರಾತ್ರಿಗಳಲ್ಲಿ ನಿದ್ದೆಗೆಟ್ಟ ಊರಿನ ಮುದುಕಿಯೊಬ್ಬಳು ಏನನ್ನು ಅರೆದು ಕುಡಿದು ಕಣ್ಣು ಮುಚ್ಚಿದಳೆಂಬುದನ್ನು ಬರೆದಿಡುವುದು ಯಾವ ದಂಡಿನ ಗುಮಾಸ್ತನ ಕೆಲಸವೂ ಆಗಿರಲಿಲ್ಲ.

ಚರಿತ್ರೆಯನ್ನು ಮಕ್ಕಳಿಗೆ ಬೋಧಿಸುತ್ತಿದ್ದ ಕಾಲದಿಂದಲೂ ನಮ್ಮನ್ನು ಕಾಡುತ್ತ ಬಂದ ಸಂಗತಿಯೊಂದುಂಟು. ಸರಕಾರಕ್ಕೆ ಕಂದಾಯ ತರುವ ವಸ್ತುವಿಗೆ ದಾಖಲೆಗಳು ಹೇರಳವಾಗಿ ದೊರೆಯುತ್ತವೆ. ಕಂದಾಯ ತಾರದ ವಸ್ತುವಿನ ದಾಖಲೆ ಜನರ ನಾಲಗೆಯ ಮೇಲಷ್ಟೇ ಉಳಿದು, ಆ ಜನರೊಡನೆಯೇ ಹೋಗಿಬಿಡುತ್ತದೆ. ಅಫೀಮಿಗೂ ಗಾಂಜಾಕ್ಕೂ ಬ್ರಿಟಿಷ್ ಸರಕಾರ ಸುಂಕ ವಿಧಿಸಿತ್ತು, ಗುತ್ತಿಗೆ ಹರಾಜು ನಡೆಸುತ್ತಿತ್ತು. ಗಾಂಜಾ, ಭಂಗಿಗಳ ವಿಷಯವಾಗಿ 1893-94ರಲ್ಲಿ ಒಂದು ದೊಡ್ಡ ಆಯೋಗವನ್ನೇ ಕೂರಿಸಿ, ಭರತಖಂಡದ ಉದ್ದಗಲದಲ್ಲಿ ಸಾಕ್ಷಿಗಳನ್ನು ವಿಚಾರಿಸಿ, ಸಂಪುಟಗಟ್ಟಲೆ ವರದಿಯನ್ನು ಅಚ್ಚು ಹಾಕಿಸಿತು. ಅದೇ ನಾಡಿನ ಕಾಡುಗಳಲ್ಲಿ ಮೊಳದುದ್ದ ಬೆಳೆಯುವ ಇನ್ನೊಂದು ಪುಟ್ಟ ಗಿಡದ ಬೇರು ಅಮಲೇರಿಸದೆ, ಮನುಷ್ಯನನ್ನು ಶಾಂತಗೊಳಿಸಿ ಮಲಗಿಸುವ ಗುಣವುಳ್ಳದ್ದಾಗಿತ್ತು. ಅಮಲಿಲ್ಲದ್ದರಿಂದ ಅಬಕಾರಿಯವರು ಅದರತ್ತ ತಿರುಗಿ ನೋಡಲಿಲ್ಲ. ಆ ಗಿಡವೇ ಸರ್ಪಗಂಧಿ. ನಮ್ಮ ಭಾಷೆಯಲ್ಲಿ ಅದಕ್ಕೆ ಸೂತ್ರನಾಭಿ ಎಂಬ ಹೆಸರೂ ಉಂಟು. ಪಾತಾಳಗಂಧಿ ಎಂದೂ ಕರೆಯುವುದುಂಟು.

ಈ ಬೇರಿನ ಚರಿತ್ರೆಗೆ ಹೋಗುವ ಮೊದಲು ನಮ್ಮ ಮನೆಗಳಲ್ಲಿ ನಿದ್ದೆಗಾಗಿ ಮಾಡುತ್ತಿದ್ದ ಉಪಾಯಗಳನ್ನು ನೆನೆಯುವುದು ಯುಕ್ತ. ನೆತ್ತಿಗೂ ಅಂಗಾಲಿಗೂ ಹರಳೆಣ್ಣೆ ತಿಕ್ಕುವುದು; ಒಂದೆಲಗದ ರಸ ಹಾಕಿ ಕಾಯಿಸಿದ ಎಣ್ಣೆಯನ್ನು ತಲೆಗೆ ಹಚ್ಚುವುದು; ಹಟ ಹಿಡಿದು ಅಳುವ ಕೂಸಿಗೆ ಜಾಯಿಕಾಯಿಯನ್ನು ಸಾಣೆಕಲ್ಲಿನ ಮೇಲೆ ಎರಡು ಸುತ್ತು ತೇಯ್ದು ತಾಯಿಯ ಹಾಲಿನಲ್ಲಿ ನೆಕ್ಕಿಸುವುದು. ‘ಎರಡು ಸುತ್ತು’ ಎಂಬುದು ಇಲ್ಲಿ ಮುಖ್ಯ. ಮೂರನೆಯ ಸುತ್ತಿಗೆ ಮನೆಯ ಹಿರಿಯಳು ಕೈ ಹಿಡಿಯುತ್ತಿದ್ದಳು. ಅಳತೆಯ ತಕ್ಕಡಿಯಿಲ್ಲದ ಮನೆಯಲ್ಲಿ ಸುತ್ತಿನ ಎಣಿಕೆಯೇ ತಕ್ಕಡಿ. ಹಬ್ಬದ ದಿನ ಗಸಗಸೆ ಪಾಯಸವುಂಡು ಮಧ್ಯಾಹ್ನ ಜಗಲಿಯ ಮೇಲೆ ಒರಗಿದವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದುದನ್ನು ಈ ಸಂಚಿಕೆಯ ಓದುಗರಲ್ಲಿ ಕಾಣದವರು ಯಾರೂ ಇರಲಾರರು. ಆ ನಿದ್ದೆಯಲ್ಲಿ ಗಸಗಸೆಯ ಪಾಲೆಷ್ಟು, ಬೆಲ್ಲ, ತೆಂಗಿನಕಾಯಿ, ಒಬ್ಬಟ್ಟುಗಳ ಪಾಲೆಷ್ಟು ಎಂಬುದನ್ನು ನಿರ್ಣಯಿಸುವ ಗೋಜಿಗೆ ನಾವು ಹೋಗುವುದಿಲ್ಲ. ಆದರೆ ಅಫೀಮು ಕೊಡುವ ಗಿಡದ ಬೀಜವೇ ಗಸಗಸೆಯೆಂಬುದನ್ನೂ, ಅಮಲು ಇರುವುದು ಕಾಯಿಯ ಹಾಲಿನಲ್ಲಿಯೇ ಹೊರತು ಬೀಜದಲ್ಲಿ ಅಲ್ಲವೆನ್ನುವಷ್ಟು ಅಲ್ಪವೆಂಬುದನ್ನೂ ತಿಳಿದಿರುವುದು ಒಳ್ಳೆಯದು.

ನಿದ್ದೆಯನ್ನು ಪ್ರಾಚೀನ ವೈದ್ಯರು ಹಗುರಾಗಿ ಎಣಿಸಿದವರಲ್ಲ. ಶರೀರವೆಂಬ ಮನೆಗೆ ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರು ಆಧಾರಗಂಬಗಳನ್ನು ಚರಕಸಂಹಿತೆ ಹೇಳುತ್ತದೆ. ಅದೇ ಗ್ರಂಥದಲ್ಲಿ ನಿದ್ದೆ ಬಾರದವರಿಗೆ ಹೇಳಿದ ಚಿಕಿತ್ಸೆಯನ್ನು ನೋಡಿದರೆ ಎಣ್ಣೆ ತಿಕ್ಕುವುದು, ಸ್ನಾನ, ಮೊಸರನ್ನ, ಹಾಲು, ತುಪ್ಪ, ಮೈಯೊತ್ತುವುದು, ಮನಸ್ಸಿಗೆ ಹಿತವಾದ ಪರಿಮಳ ಮತ್ತು ಶಬ್ದ ಇವೇ ಮುಖ್ಯವಾಗಿವೆ. ನಿದ್ದೆ ತರಿಸುವ ವಸ್ತುಗಳಲ್ಲಿ ಎಮ್ಮೆಯ ಹಾಲಿಗೆ ಅಗ್ರಸ್ಥಾನ. ಎಮ್ಮೆಯ ಹಾಲು ಕುಡಿದು ಪಾಠದ ವೇಳೆ ತೂಕಡಿಸುತ್ತಿದ್ದ ಹುಡುಗರನ್ನು ಕಂಡ ನಮಗೆ ಈ ಮಾತಿನಲ್ಲಿ ಸಂದೇಹವಿಲ್ಲ. ಇಲ್ಲಿ ಗಮನಿಸಬೇಕಾದ ಅಂಶ ಬೇರೆ. ಸರ್ಪಗಂಧಿಯು ನಿದ್ರೆಯ ಔಷಧವಾಗಿ ಇಲ್ಲಿ ಕಾಣುವುದಿಲ್ಲ. ಸಂಹಿತೆಗಳಲ್ಲಿ ‘ಸರ್ಪಗಂಧಾ’ ಎಂಬ ಹೆಸರು ಬರುವುದು ವಿಷಚಿಕಿತ್ಸೆಯ ಸಂದರ್ಭದಲ್ಲಿ; ಆ ಹೆಸರಿನ ಗಿಡವೂ ಇಂದು ನಾವು ಆ ಹೆಸರಿನಿಂದ ಕರೆಯುವ ಗಿಡವೂ ಒಂದೇ ಹೌದೋ ಅಲ್ಲವೋ ಎಂಬುದರಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ. ‘ಮೂರು ಸಾವಿರ ವರ್ಷಗಳ ಹಿಂದೆಯೇ ನಮ್ಮ ಋಷಿಗಳು ಈ ಬೇರಿನಿಂದ ನಿದ್ದೆ ಬರಿಸುತ್ತಿದ್ದರು’ ಎಂದು ಭಾಷಣಗಳಲ್ಲಿ ಹೇಳುವವರಿದ್ದಾರೆ. ಕೇಳಲು ಇಂಪಾಗಿದೆ, ಗ್ರಂಥಗಳ ಆಧಾರ ಅಷ್ಟು ದೂರ ಒಯ್ಯುವುದಿಲ್ಲ. ನಿದ್ದೆಯ ಕೀರ್ತಿ ಗ್ರಂಥಗಳಿಗಿಂತ ಹೆಚ್ಚಾಗಿ ಅಕ್ಷರವರಿಯದ ಹಳ್ಳಿಗರಿಗೆ ಸಲ್ಲಬೇಕೆಂಬುದೇ ನಮ್ಮ ಅಭಿಪ್ರಾಯ.

ಹಾವಿನ ನಂಟು ಮಾತ್ರ ಬಹು ಹಳೆಯದು. ನೆಲದೊಳಗೆ ಹಾವಿನಂತೆ ಡೊಂಕಾಗಿ ಹರಿಯುವ ಬೇರು. ಹಾವಿನೊಡನೆ ಕಾದುವ ಮುಂಗುಸಿ ಮೊದಲು ಈ ಗಿಡವನ್ನು ಕಚ್ಚಿ ಬರುತ್ತದೆಂಬ ಕಥೆ. ಕನ್ನಡದ ವೈದ್ಯಸಾಹಿತ್ಯವೂ ವಿಷದ ವಿಷಯದಲ್ಲಿ ವಿಶೇಷ ಆಸ್ಥೆ ತಳೆದಿತ್ತೆಂಬುದನ್ನು ಇಲ್ಲಿ ಸ್ಮರಿಸಬೇಕು. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮನ ‘ಗೋವೈದ್ಯ’ವೂ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವೂ ಬಂದವು. ಹದಿನಾಲ್ಕನೆಯ ಶತಮಾನದಲ್ಲಿ ಜೈನಕವಿ ಮಂಗರಾಜನು ಕೇವಲ ವಿಷಗಳನ್ನೂ ಅವುಗಳ ಪರಿಹಾರವನ್ನೂ ವಸ್ತುವಾಗಿಸಿಕೊಂಡು ‘ಖಗೇಂದ್ರಮಣಿದರ್ಪಣ’ವೆಂಬ ಪದ್ಯಗ್ರಂಥವನ್ನೇ ರಚಿಸಿದನು. ಆ ಗ್ರಂಥ ಅಚ್ಚಾಗಿ ಹೊರಬಂದುದು ಮದ್ರಾಸ್ ವಿಶ್ವವಿದ್ಯಾಲಯದ ಕನ್ನಡ ಗ್ರಂಥಮಾಲೆಯಲ್ಲಿ ಎಂಬುದು ತಮಿಳುನಾಡಿನ ಕನ್ನಡಿಗರಾದ ನಮಗೆ ಹೆಮ್ಮೆಯ ವಿಷಯ. ಕತ್ತಲಾದ ಮೇಲೆ ಗದ್ದೆಬದುವಿನಲ್ಲಿ ಬರಿಗಾಲಿನಲ್ಲಿ ನಡೆಯಬೇಕಾಗಿದ್ದ ಜನಕ್ಕೆ ನಿದ್ದೆಗಿಂತ ಹಾವಿನ ಚಿಂತೆ ದೊಡ್ಡದಾಗಿದ್ದುದು ಸಹಜವೇ. ಸರ್ಪಗಂಧಿಯ ಬೇರು ಹಾವಿನ ವಿಷವನ್ನು ಇಳಿಸುತ್ತದೆಂಬ ನಂಬಿಕೆಯನ್ನು ಆಧುನಿಕ ಶಾಸ್ತ್ರ ಎತ್ತಿಹಿಡಿದಿಲ್ಲ. ಹಾವು ಕಚ್ಚಿದರೆ ಇಂದು ಮಾಡಬೇಕಾದುದು ಒಂದೇ: ತಡವಿಲ್ಲದೆ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸೇರಿಸುವುದು.

ಹೊರನಾಡಿನವರು ಈ ಬೇರನ್ನು ಅರಿತುದೂ ಹಾವಿನ ಮದ್ದೆಂದೇ. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತ 1563ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ‘ಹಾವಿನ ಮರ’ಗಳ ಪ್ರಸ್ತಾಪ ಮಾಡುತ್ತಾನೆ, ಮುಂಗುಸಿಯ ಕಥೆಯನ್ನೂ ಹೇಳುತ್ತಾನೆ. ಆ ಮರಗಳಲ್ಲೊಂದನ್ನು ಸರ್ಪಗಂಧಿಯೆಂದು ಸಸ್ಯಶಾಸ್ತ್ರಜ್ಞರು ಗುರುತಿಸುತ್ತಾರೆ. ಮುಂದೆ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್, ಇಟ್ಟಿ ಅಚ್ಯುತನೆಂಬ ಮಲೆಯಾಳಿ ವೈದ್ಯನಿಂದಲೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿ ಬ್ರಾಹ್ಮಣರಿಂದಲೂ ತಿಳಿದು ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಹೊರಬಂದಿತು. ಅದರಲ್ಲಿ ಈ ಗಿಡದ ಚಿತ್ರ ‘ಚುವನ್ನ ಅವಿಲ್ಪೊರಿ’ ಎಂಬ ಮಲೆಯಾಳಂ ಹೆಸರಿನಿಂದಲೇ ಇದೆ.

ಗಿಡಕ್ಕೆ ಈಗಿರುವ ಲ್ಯಾಟಿನ್ ಹೆಸರು ‘ರಾವೋಲ್ಫಿಯ ಸರ್ಪೆಂಟೈನ’. ರಾವೋಲ್ಫ್ ಎಂಬಾತ ಜರ್ಮನಿಯ ಆಗ್ಸ್‌ಬರ್ಗ್ ನಗರದ ವೈದ್ಯ. ಹದಿನಾರನೆಯ ಶತಮಾನದಲ್ಲಿ ಸಿರಿಯಾ, ಇರಾಕ್‌ಗಳ ಕಡೆ ಸಂಚರಿಸಿ ಗಿಡಮೂಲಿಕೆಗಳನ್ನು ಸಂಗ್ರಹಿಸಿದವನು. ಅವನು ಭಾರತಕ್ಕೆ ಬರಲೇ ಇಲ್ಲ. ಈ ಗಿಡವನ್ನು ಕಾಣಲೂ ಇಲ್ಲ. ಅವನು ಸತ್ತು ಶತಮಾನ ಕಳೆದ ಮೇಲೆ ಪ್ಲೂಮಿಯೇ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ 1703ರಲ್ಲಿ ಅವನ ಗೌರವಾರ್ಥ ಆ ಕುಲಕ್ಕೆ ಹೆಸರಿಟ್ಟನು. ತಮಾಷೆಯ ಸಂಗತಿಯೆಂದರೆ, ಅಲೆಪ್ಪೊ ನಗರದ ಜನ ಬೆಳಿಗ್ಗೆ ಎದ್ದು ಕರಿಯ ಬಿಸಿ ಪಾನೀಯವೊಂದನ್ನು ಕುಡಿಯುವುದನ್ನು ಕಂಡು ಬಂದು, ಕಾಫಿಯ ಸುದ್ದಿಯನ್ನು ಯೂರೋಪಿನಲ್ಲಿ ಮೊದಲು ಅಚ್ಚು ಹಾಕಿಸಿದವರಲ್ಲಿ ಪ್ರಮುಖನಾದವನು ಇದೇ ರಾವೋಲ್ಫ್. ನಿದ್ದೆಗೆಡಿಸುವ ಕಾಫಿಯ ವರ್ತಮಾನ ತಂದವನ ಹೆಸರು ನಿದ್ದೆ ತರುವ ಬೇರಿಗೆ ಅಂಟಿಕೊಂಡಿತು.

ನಿದ್ದೆಯ ಗುಣ ಬೆಳಕಿಗೆ ಬಂದುದು ಗಂಗೆಯ ಬಯಲಿನಿಂದ. ಬಿಹಾರದ ಕಡೆ ಈ ಬೇರು ಸಂತೆಗಳಲ್ಲಿ ‘ಪಾಗಲ್ ಕೀ ದವಾ’, ಅಂದರೆ ಹುಚ್ಚಿನ ಮದ್ದು ಎಂಬ ಹೆಸರಿನಿಂದ ಮಾರಾಟವಾಗುತ್ತಿತ್ತು. ಅಲ್ಲಿನ ಬಡ ತಾಯಂದಿರು ಮಕ್ಕಳನ್ನು ಮಲಗಿಸಲು ಇದನ್ನು ಕೊಡುತ್ತಿದ್ದರೆಂಬ ವರದಿಗಳೂ ಇವೆ. ಈ ಜನಬಳಕೆಯನ್ನು ಹಿಡಿದು ಪರೀಕ್ಷೆಗೆ ಒಡ್ಡಿದವರು ಕಲ್ಕತ್ತೆಯ ಇಬ್ಬರು ವೈದ್ಯರು, ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್. 1931ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ, ಬೇರಿನ ಪುಡಿಯನ್ನು 20ರಿಂದ 30 ಗ್ರೇನ್ ಪ್ರಮಾಣದಲ್ಲಿ, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು ಒಂದೂಕಾಲರಿಂದ ಎರಡು ಗ್ರಾಂ, ದಿನಕ್ಕೆರಡು ಬಾರಿ ಕೊಟ್ಟರೆ ನಿದ್ದೆ ಬರುವುದಲ್ಲದೆ ರಕ್ತದೊತ್ತಡವೂ ಇಳಿಯುತ್ತದೆಂದು, ಉದ್ರೇಕಗೊಂಡ ಮನೋರೋಗಿಗಳು ಶಾಂತರಾಗುತ್ತಾರೆಂದು ಬರೆದರು. ಜಗತ್ತಿನ ವೈದ್ಯಶಾಸ್ತ್ರ ಆ ಲೇಖನವನ್ನು ಓದಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು.

ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಎಂಬ ರಸಾಯನಶಾಸ್ತ್ರಜ್ಞರು ಬೇರಿನಿಂದ ಹರಳಿನ ರೂಪದ ಕ್ಷಾರಸತ್ವಗಳನ್ನು ಬೇರ್ಪಡಿಸಿದರು. ಸಂಸ್ಥೆಯ ಸ್ಥಾಪಕರಾದ ಹಕೀಂ ಅಜ್ಮಲ್ ಖಾನರ ನೆನಪಿಗೆ ಒಂದಕ್ಕೆ ‘ಅಜ್ಮಲೀನ್’ ಎಂದು ಹೆಸರಿಟ್ಟರು. ಆದರೆ ಈ ಅಂದವಾದ ಹರಳುಗಳಲ್ಲಿ ನಿದ್ದೆ ತರಿಸುವ ಗುಣ ಕಾಣಲಿಲ್ಲ. ಹಾಗಾದರೆ ಆ ಗುಣ ಬೇರಿನ ಯಾವ ಭಾಗದಲ್ಲಿದೆ? 1940ರ ದಶಕದಲ್ಲಿ ಕಲ್ಕತ್ತೆಯ ಸಂಶೋಧಕರು ಹುಡುಕುತ್ತ ಹೋದಾಗ ಅದು ಹರಳುಗಳನ್ನು ತೆಗೆದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವ ಅಂಟುರಾಳದಲ್ಲಿದೆಯೆಂದು ತಿಳಿಯಿತು. ರಸಾಯನಶಾಸ್ತ್ರಜ್ಞನಿಗೆ ಬೇಡವಾದ ಆ ಜಿಗುಟಿನಲ್ಲಿಯೇ ಬಿಹಾರದ ತಾಯಂದಿರ ಅನುಭವ ಅಡಗಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಕಂಪನಿಯ ಮುಲ್ಲರ್, ಷ್ಲಿಟ್ಲರ್ ಮತ್ತು ಬೈನ್ ಎಂಬುವರು ಅದೇ ರಾಳದಿಂದ ‘ರಿಸರ್ಪಿನ್’ ಎಂಬ ಸತ್ವವನ್ನು ಹೊರತೆಗೆದರು. ಪುಡಿಯಾದರೆ ಗ್ರಾಂ ಲೆಕ್ಕದಲ್ಲಿ ಕೊಡಬೇಕಿತ್ತು. ಈ ಸತ್ವವಾದರೋ ಒಂದು ಮಿಲಿಗ್ರಾಮಿನ ಕಾಲುಭಾಗವೇ ಒಂದು ಮಾತ್ರೆಗೆ ಸಾಕಾಯಿತು.

ಈ ನಡುವೆ ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ 50 ರೋಗಿಗಳಿಗೆ ಬೇರಿನ ಮಾತ್ರೆಗಳನ್ನು ಕೊಟ್ಟು ಕಂಡ ಫಲಿತಾಂಶವನ್ನು 1949ರಲ್ಲಿ ಲಂಡನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಪಶ್ಚಿಮದ ವೈದ್ಯರ ಕಣ್ಣು ತೆರೆಸಿದ್ದು ಆ ಲೇಖನ. ಅದಕ್ಕಾಗಿ 1957ರಲ್ಲಿ ಅವರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಸಂದಿತು. ನ್ಯೂಯಾರ್ಕ್ ಸಂಸ್ಥಾನದ ರಾಕ್ಲೆಂಡ್ ಮಾನಸಿಕ ಆಸ್ಪತ್ರೆಯಲ್ಲಿ ನೇಥನ್ ಕ್ಲೈನ್ ಎಂಬ ವೈದ್ಯನು ನೂರಾರು ರೋಗಿಗಳಿಗೆ ಇದನ್ನು ಕೊಟ್ಟು 1954ರಲ್ಲಿ ವರದಿ ಮಾಡಿದನು. ಆ ಆಸ್ಪತ್ರೆಯ ಕಿಟಕಿಗಳ ಗಾಜು ಕೂರಿಸುವ ಕೆಲಸಗಾರನು, ಒಡೆದ ಗಾಜುಗಳ ಸಂಖ್ಯೆ ಇಳಿದುದನ್ನು ಎಲ್ಲರಿಗಿಂತ ಮೊದಲು ಗಮನಿಸಿದನೆಂಬ ಕಥೆಯಿದೆ. ರೋಗಿಗಳನ್ನು ಕಟ್ಟಿಹಾಕುತ್ತಿದ್ದ, ತಣ್ಣೀರಿನ ಬಟ್ಟೆ ಸುತ್ತುತ್ತಿದ್ದ ಕಾಲವದು. ನಮ್ಮ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾದುದೂ ಅದೇ 1954ರಲ್ಲಿ; ಹೊಸೂರು ಸೀಮೆಯ ಜನರು ಇಂದು ‘ನಿಮ್ಹಾನ್ಸ್’ ಎಂದು ಕರೆಯುವುದು ಅದರ ಮುಂದಿನ ರೂಪವನ್ನೇ. ‘ಟ್ರ್ಯಾಂಕ್ವಿಲೈಸರ್’, ಎಂದರೆ ಮನಸ್ಸನ್ನು ತಿಳಿಗೊಳಿಸುವ ಔಷಧ, ಎಂಬ ಪದವು ವೈದ್ಯರ ಬಾಯಲ್ಲಿ ಬಳಕೆಗೆ ಬಂದುದೂ ಆ ವರ್ಷಗಳಲ್ಲಿ, ಈ ಬೇರಿನ ಸತ್ವದ ಗುಣವನ್ನು ಬಣ್ಣಿಸುವ ಸಲುವಾಗಿ.

ಬೇರು ತರುವ ನಿದ್ದೆ ಎಂಥದು ಎಂಬ ಪ್ರಶ್ನೆಯನ್ನು ಇಲ್ಲಿ ಬಿಡಿಸಿ ನೋಡಬೇಕು. ಅಫೀಮು ನೋವನ್ನು ಮರೆಸಿ ಮಲಗಿಸುತ್ತದೆ. ಹೆಂಡ ಬುದ್ಧಿಯನ್ನು ಕವಿಸಿ ಮಲಗಿಸುತ್ತದೆ. ಇದು ಹಾಗಲ್ಲ. ಇದನ್ನು ತೆಗೆದುಕೊಂಡವನು ಮೆಲ್ಲಗೆ ಮಂಪರಿಗೆ ಜಾರುತ್ತಾನೆ. ಕರೆದರೆ ಏಳುತ್ತಾನೆ, ಮಾತಿಗೆ ಉತ್ತರ ಕೊಡುತ್ತಾನೆ, ಸುಮ್ಮನೆ ಬಿಟ್ಟರೆ ಮತ್ತೆ ಕಣ್ಣು ಮುಚ್ಚುತ್ತಾನೆ. ಪರಿಣಾಮ ಕೂಡಲೇ ಕಾಣುವುದಿಲ್ಲ. ಪೂರ್ಣಬಲಕ್ಕೆ ಬರಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ನಿಲ್ಲಿಸಿದ ಮೇಲೂ ಬಹುದಿನ ಉಳಿಯುತ್ತದೆ. ಇದಕ್ಕೆ ಕಾರಣ ಅದು ಕೆಲಸ ಮಾಡುವ ರೀತಿ. ಮೆದುಳಿನ ನರತಂತುಗಳ ತುದಿಯಲ್ಲಿ ಸಣ್ಣ ಸಣ್ಣ ಸಂಚಿಗಳಿವೆಯೆಂದೂ, ಸೆರೊಟೋನಿನ್, ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ಸಂದೇಶವಾಹಕ ದ್ರವ್ಯಗಳು ಆ ಸಂಚಿಗಳಲ್ಲಿ ಶೇಖರವಾಗಿರುತ್ತವೆಯೆಂದೂ ಭಾವಿಸೋಣ. ರಿಸರ್ಪಿನ್ ಆ ಸಂಚಿಗಳೊಳಗೆ ದ್ರವ್ಯ ಸೇರದಂತೆ ಬಾಗಿಲನ್ನು ಮುಚ್ಚುತ್ತದೆ. ಹೊರಗುಳಿದ ದ್ರವ್ಯ ಕರಗಿಹೋಗುತ್ತದೆ. ಕಣಜದ ಬಾಯಿಯನ್ನು ಕಟ್ಟಿ ರಾಗಿಯನ್ನು ಅಂಗಳದಲ್ಲಿಯೇ ಬಿಟ್ಟರೆ ಏನಾಗುವುದೋ ಹಾಗೆ. ಕಣಜ ದಿನದಿನಕ್ಕೆ ಬರಿದಾಗುತ್ತ ಬರುತ್ತದೆ, ಮನೆ ಸದ್ದಡಗುತ್ತದೆ. ಮತ್ತೆ ತುಂಬಲೂ ಅಷ್ಟೇ ಕಾಲ ಬೇಕು.

ಈ ಬರಿದಾಗುವಿಕೆಯಿಂದಲೇ ಮನುಷ್ಯಕುಲಕ್ಕೆ ಇನ್ನೊಂದು ದೊಡ್ಡ ಉಪಕಾರವಾಯಿತು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟನು. ಅವು ಕಿವಿ ಜೋಲುಬಿಟ್ಟು, ಕದಲದೆ ಬಿದ್ದುಕೊಂಡವು. ಆ ಬಳಿಕ ಡೋಪಮೈನಿನ ಮೂಲದ್ರವ್ಯವಾದ ‘ಎಲ್-ಡೋಪ’ವನ್ನು ಚುಚ್ಚಿದಾಗ ಸ್ವಲ್ಪ ಹೊತ್ತಿನಲ್ಲಿಯೇ ಕಿವಿ ನಿಮಿರಿಸಿ ಎದ್ದು ಓಡಾಡತೊಡಗಿದವು. ಮೈ ನಡುಗಿ ಬಿಗಿದುಕೊಳ್ಳುವ ಪಾರ್ಕಿನ್ಸನ್ ರೋಗದಲ್ಲಿ ಕೊರತೆಯಾಗುವುದು ಡೋಪಮೈನ್ ಎಂಬ ಅರಿವಿಗೂ, ಆ ರೋಗಕ್ಕೆ ಇಂದಿಗೂ ಕೊಡುತ್ತಿರುವ ಔಷಧಕ್ಕೂ ಬುನಾದಿ ಬಿದ್ದುದು ಈ ಮೊಲಗಳಿಂದ. 2000ದಲ್ಲಿ ಕಾರ್ಲ್‌ಸನ್ನನಿಗೆ ನೊಬೆಲ್ ಪಾರಿತೋಷಕ ಬಂದಿತು. ಕಂಪವಾತದ ಮಾತ್ರೆ ನುಂಗುವ ನಮ್ಮ ವಯಸ್ಸಿನ ಮಿತ್ರರು ಅನೇಕರಿದ್ದಾರೆ. ಆ ಮಾತ್ರೆಯ ವಂಶವೃಕ್ಷದಲ್ಲಿ ಬಿಹಾರದ ಸಂತೆಯ ಬೇರೂ ಒಂದು ಎಂದು ಅವರಿಗೆ ತಿಳಿಸಿದರೆ ಸಂತೋಷಪಟ್ಟಾರು.

ಆದರೆ ಕಣಜ ಬರಿದಾದರೆ ಹಸಿವೂ ಉಂಟು. 1950ರ ದಶಕದ ಮಧ್ಯಭಾಗದಿಂದಲೇ ವೈದ್ಯರು ಒಂದು ಸಂಗತಿಯನ್ನು ಕಾಣತೊಡಗಿದರು. ರಕ್ತದೊತ್ತಡಕ್ಕೆಂದು ಇದನ್ನು ತಿಂಗಳುಗಟ್ಟಲೆ ಸೇವಿಸಿದವರಲ್ಲಿ ಕೆಲವರು ಕಾರಣವಿಲ್ಲದೆ ಖಿನ್ನರಾಗುತ್ತಿದ್ದರು. ಉಣ್ಣಲು, ಮಾತನಾಡಲು, ಬದುಕಲು ಮನಸ್ಸಿಲ್ಲದವರಾಗುತ್ತಿದ್ದರು. ಪ್ರಾಣ ಕಳೆದುಕೊಳ್ಳುವ ಯೋಚನೆಗೆ ಇಳಿದವರೂ ಉಂಟು. ಕೆಲವರಿಗೆ ಭಯಂಕರ ಕನಸುಗಳು. ಮೂಗು ಕಟ್ಟುವುದು, ನಾಡಿ ನಿಧಾನವಾಗುವುದು, ಹೊಟ್ಟೆಯ ಹುಣ್ಣು ಕೆರಳುವುದು ಇವೂ ಸೇರಿದವು. ಖಿನ್ನತೆ ಎಲ್ಲರಿಗೂ ಬರುವುದಿಲ್ಲ, ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂಬ ವಾದವಿವಾದಗಳು ಇಂದಿಗೂ ನಡೆದಿವೆ. 1974ರಲ್ಲಿ ಸ್ತನದ ಅರ್ಬುದಕ್ಕೂ ಇದಕ್ಕೂ ಸಂಬಂಧವಿದೆಯೆಂಬ ಗುಲ್ಲು ಎದ್ದಿತು. ಮುಂದಿನ ಅಧ್ಯಯನಗಳು ಅದನ್ನು ಸಮರ್ಥಿಸಲಿಲ್ಲವಾದರೂ ಔಷಧದ ಹೆಸರು ಕೆಟ್ಟಿತು. ಅಷ್ಟರಲ್ಲಿ ಹೊಸ ಮಾತ್ರೆಗಳು ಬಂದಿದ್ದವು. ನಮ್ಮ ದೇಶದಲ್ಲಿ ಮಾತ್ರ ‘ಅಡೆಲ್ಫೇನ್’ ಎಂಬ ಅಗ್ಗದ ಮಾತ್ರೆಯ ರೂಪದಲ್ಲಿ ರಿಸರ್ಪಿನ್ ಬಹುಕಾಲ ಬಾಳಿತು. ಬಿ.ಪಿ. ಇದ್ದ ಹಿರಿಯರ ಟ್ರಂಕಿನಲ್ಲಿ, ಕನ್ನಡಕದ ಪೆಟ್ಟಿಗೆಯ ಪಕ್ಕದಲ್ಲಿ ಆ ಮಾತ್ರೆಯ ಪಟ್ಟಿ ಇರುತ್ತಿದ್ದುದನ್ನು ಬಲ್ಲವರು ಬಲ್ಲರು. ‘ತಾತ ಈಚೆಗೆ ಯಾಕೋ ಮಂಕಾಗಿದ್ದಾರೆ, ವಯಸ್ಸಾಯಿತು’ ಎಂದು ಮನೆಮಂದಿ ಹೇಳಿಕೊಂಡ ಮಾತುಗಳಲ್ಲಿ ಕೆಲವಕ್ಕಾದರೂ ಕಾರಣ ವಯಸ್ಸಲ್ಲದೆ ಮಾತ್ರೆಯಾಗಿದ್ದಿರಬಹುದು.

ಆನೆಗಳ ಸೀಮೆಯವರಾದ ನಮಗೆ ವಿಶೇಷವಾಗಿ ರುಚಿಸುವ ಕಥೆಯೊಂದು ಈ ಬೇರಿಗಿದೆ. ಮಹಮ್ಮದ್ ಮನಾಲ್ ಎಂಬ ಯುವಕರು 1930ರ ಸುಮಾರಿಗೆ ಬರ್ಮಾದ ಕಾಡುಗಳಲ್ಲಿ ಸಂಚರಿಸುತ್ತಿದ್ದಾಗ, ರೇಗಿದ ಆನೆಗಳಿಗೆ ಹಳ್ಳಿಗರು ಒಂದು ಬೇರನ್ನು ತಿನ್ನಿಸಿ ಶಾಂತಗೊಳಿಸುವುದನ್ನು ಕಂಡರಂತೆ. ಅದು ಸರ್ಪಗಂಧಿ. ಅವರು ಡೆಹ್ರಾಡೂನಿನಲ್ಲಿ ಹಿಮಾಲಯ ಡ್ರಗ್ ಕಂಪನಿಯನ್ನು ಆರಂಭಿಸಿ, 1934ರಲ್ಲಿ ‘ಸರ್ಪಿನ’ ಎಂಬ ಮಾತ್ರೆಯನ್ನು ಮಾರುಕಟ್ಟೆಗೆ ತಂದರು. ಆ ಕಂಪನಿಯೇ ಹೇಳಿಕೊಳ್ಳುವ ಮೂಲಕಥೆಯಿದು. 1975ರಲ್ಲಿ ಅದು ಬೆಂಗಳೂರಿಗೆ ಬಂದು ತುಮಕೂರು ರಸ್ತೆಯ ಮಾಕಳಿಯಲ್ಲಿ ನೆಲೆಯೂರಿತು. ಬೇರೊಂದು ಆನೆಯ ಬಾಯಿಂದ ಮಾತ್ರೆಯ ಸೀಸೆಗೆ, ಬರ್ಮಾದಿಂದ ಕನ್ನಡ ನಾಡಿಗೆ ಬಂದ ದಾರಿ ಇದು.

ನಮ್ಮ ಸೀಮೆಯಲ್ಲಿ ಆನೆಗೂ ನಿದ್ದೆಗೂ ಇರುವ ನಂಟು ಇದಕ್ಕೆ ತದ್ವಿರುದ್ಧ. ಬನ್ನೇರುಘಟ್ಟದ ಕಡೆಯಿಂದ ತಳಿ, ಜವಳಗಿರಿ, ಡೆಂಕಣಿಕೋಟೆ ಕಾಡುಗಳ ಮೂಲಕ ಶಾನಮಾವಿನವರೆಗೂ ಹಿಂಡುಗಳು ಇಳಿಯುವುದು ರಾಗಿ ತೆನೆಗಟ್ಟಿ ಬಲಿಯುವ ಕಾಲಕ್ಕೆ. ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಒಕ್ಕಲಿನವನಿಗೆ ರಾತ್ರಿಯ ನಿದ್ದೆಯಿಲ್ಲ. ಅಟ್ಟಣೆಯ ಮೇಲೆ ಕಂಬಳಿ ಹೊದ್ದು, ತಮಟೆ ಪಟಾಕಿಗಳನ್ನು ಪಕ್ಕದಲ್ಲಿಟ್ಟುಕೊಂಡು ಕೂತವನಿಗೆ ಬೇಕಾದುದು ನಿದ್ದೆಗೆಡಿಸುವ ಮದ್ದು. ಸಂಕ್ರಾಂತಿ ಕಳೆದು ಒಕ್ಕಣೆ ಮುಗಿದ ಮೇಲೂ ವಾರಗಟ್ಟಲೆ ನಡುರಾತ್ರಿಗೆ ಬೆಚ್ಚಿ ಏಳುವ ಅಭ್ಯಾಸ ಅವನಿಗೆ ಉಳಿದುಬಿಡುತ್ತದೆ. ಅವನ ಮಗ ಹೊಸೂರಿನ ಸಿಪ್ಕಾಟ್ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮಾಡುತ್ತಾನೆ. ಮೊಮ್ಮಗಳು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಮೆರಿಕದ ಹಗಲಿಗೆ ಎಚ್ಚರವಿರುತ್ತಾಳೆ. ಮೂರು ತಲೆಮಾರಿಗೂ ನಿದ್ದೆ ಕೆಟ್ಟ ಮನೆಗಳು ನಮ್ಮ ಸುತ್ತ ಈಗ ಅಪರೂಪವಲ್ಲ.

ಆದುದರಿಂದಲೇ ಹಳೆಯ ಬೇರಿನ ಪುಡಿಗೆ ಮತ್ತೆ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ. ಹಿಂದೆ ‘ಗ್ರಂಧಿಗೆ ಅಂಗಡಿ’ಯೆಂದು ನಾವು ಕರೆಯುತ್ತಿದ್ದ, ಈಗ ‘ನಾಟ್ಟು ಮರುಂದು ಕಡೈ’ ಎಂಬ ಹಲಗೆ ತೂಗುವ ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಾರೆ. ಆಯುರ್ವೇದದ ‘ಸರ್ಪಗಂಧಾ ಘನವಟಿ’ ನಿದ್ದೆಯಿಲ್ಲದವರಿಗೆಂದೇ ಹೇಳಿದ ಯೋಗ. ಇಪ್ಪತ್ತನೆಯ ಶತಮಾನದ ಮಹಾವೈದ್ಯ ಯಾದವಜೀ ತ್ರಿಕಮಜೀ ಆಚಾರ್ಯರ ಸಂಗ್ರಹದಲ್ಲಿ ಬರುವ ಅದರಲ್ಲಿ ಜಟಾಮಾಂಸಿ, ಭಂಗಿಗಳೂ ಸೇರುತ್ತವೆ. ಅದನ್ನು ಬಲ್ಲ ವೈದ್ಯರ ಕೈಯಿಂದ ಪಡೆದು, ಅವರ ಕಣ್ಣೆದುರಿಗೆ ಸೇವಿಸುವುದು ಒಂದು ಮಾತು. ಬಿ.ಪಿ.ಗೆ ಬೇರೆ ಮಾತ್ರೆ ನುಂಗುತ್ತಿರುವವರು, ಮನಸ್ಸು ಕುಗ್ಗಿರುವವರು, ಹೊಟ್ಟೆಹುಣ್ಣಿನವರು, ಗರ್ಭಿಣಿಯರು ಪೊಟ್ಟಣದ ಪುಡಿಯನ್ನು ಚಮಚೆಯ ಅಂದಾಜಿನಲ್ಲಿ ಹಾಲಿಗೆ ಬೆರೆಸಿ ಕುಡಿಯುವುದು ಇನ್ನೊಂದು ಮಾತು. ಎರಡು ಬಗೆಯ ಮದ್ದು ಕೂಡಿ ರಕ್ತದೊತ್ತಡ ಕುಸಿದು ಬಿದ್ದವರುಂಟು. ನಿದ್ದೆ ಬಾರದಿರುವುದೇ ಖಿನ್ನತೆಯ ಮೊದಲ ಲಕ್ಷಣವಾಗಿರುವ ರೋಗಿಗೆ ಖಿನ್ನತೆಯನ್ನೇ ಬೆಳೆಸಬಲ್ಲ ಬೇರನ್ನು ಕೊಟ್ಟರೆ ಅವನ ಗತಿಯೇನು? ಜಾಯಿಕಾಯಿಯ ಮೂರನೆಯ ಸುತ್ತಿಗೆ ಕೈ ಹಿಡಿಯುತ್ತಿದ್ದ ಹಿರಿಯಳು ಪೊಟ್ಟಣದೊಳಗೆ ಇರುವುದಿಲ್ಲ.

ಪೊಟ್ಟಣದೊಳಗಿರುವುದು ಸರ್ಪಗಂಧಿಯೇ ಎಂಬ ಭರವಸೆಯೂ ಸಾಲದು. ನಿಜವಾದ ಸರ್ಪಗಂಧಿ ತೇವವುಳ್ಳ ಕಾಡಿನ ಗಿಡ. ಕೊಡಗು, ಶಿವಮೊಗ್ಗ, ಉತ್ತರ ಕನ್ನಡದ ಮಲೆನಾಡುಗಳಲ್ಲಿ ಮರಗಳ ನೆರಳಿನಲ್ಲಿ ಬೆಳೆಯುವಂಥದು. ನಮ್ಮ ಬಯಲುಸೀಮೆಯ ಬೇಲಿಸಾಲಿನಲ್ಲಿ, ಹಾಳುಬಾವಿಯ ದಂಡೆಯಲ್ಲಿ ಹೇರಳವಾಗಿ ಕಾಣುವು��ು ಅದರ ದಾಯಾದಿ. ಅದು ಅಮೆರಿಕ ಖಂಡದಿಂದ ಬಂದು ನೆಲೆಸಿದ ಗಿಡ. ಒಂದೊಂದು ಗೆಣ್ಣಿನಲ್ಲಿ ಅಳತೆಯಲ್ಲಿ ಹೆಚ್ಚುಕಡಿಮೆಯಿರುವ ನಾಲ್ಕು ಎಲೆಗಳು, ಪುಟ್ಟ ಬಿಳಿಯ ಹೂ, ಕೆಂಪಾಗಿ ಬಳಿಕ ಕಪ್ಪಾಗುವ ಹಣ್ಣು. ನಿಜವಾದದ್ದರಲ್ಲಿ ಸಾಮಾನ್ಯವಾಗಿ ಮೂರು ಎಲೆಗಳು ಸುತ್ತುಗಟ್ಟಿರುತ್ತವೆ. ಬಿಳಿಯ ಹೂವಿಗೆ ನಸುಗೆಂಪಿನ ತೊಟ್ಟುಕೊಳವೆ ಇರುತ್ತದೆ. ದಾಯಾದಿಯ ಬೇರಿನಲ್ಲಿಯೂ ರಿಸರ್ಪಿನ್ ಇದೆ, ಆದರೆ ಪ್ರಮಾಣ ಬೇರೆ, ಜೊತೆಗಿರುವ ಸತ್ವಗಳೂ ಬೇರೆ. ಒಂದರ ಹೆಸರಿನಲ್ಲಿ ಇನ್ನೊಂದು ಮಾರಾಟವಾಗುವುದು ವ್ಯಾಪಾರದಲ್ಲಿ ಹೊಸತಲ್ಲ.

ಬೇರಿಗಾಗಿ ಗಿಡವನ್ನೇ ಕಿತ್ತುಹಾಕಬೇಕಾದುದರಿಂದ, ರಿಸರ್ಪಿನ್ನಿನ ಬೇಡಿಕೆ ಏರಿದ ವರ್ಷಗಳಲ್ಲಿ ಕಾಡಿನ ಸರ್ಪಗಂಧಿ ಬೇಗಬೇಗನೆ ಬರಿದಾಯಿತು. ಬೇರು ಕೀಳಲು ಯೋಗ್ಯವಾಗಲು ಒಂದೂವರೆಯಿಂದ ಮೂರು ವರ್ಷ ಬೇಕು. ಕೀಳುವವರಿಗೆ ಅಷ್ಟು ತಾಳ್ಮೆಯಿರಲಿಲ್ಲ. 1990ರಲ್ಲಿ ಇದನ್ನು ಅಪಾಯದಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿಸಲಾಯಿತು. ಈಗ ಹೊಲಗಳಲ್ಲಿ ಬೆಳೆಸುವ ಪ್ರಯತ್ನಗಳು ಸಾಗಿವೆ. ಸ್ವಲ್ಪ ನೆರಳು, ಬಸಿಯುವ ಮಣ್ಣು, ಬೇಸಗೆಯಲ್ಲಿ ನೀರು ಇದ್ದರೆ ತೋಟದ ಮೂಲೆಯಲ್ಲಿಯೂ ಬೆಳೆಯುತ್ತದೆ.

ಇನ್ನುಳಿದಿರುವುದು ಹೆಸರುಗಳ ಕೆಲಸ. ಸೂತ್ರನಾಭಿ, ಪಾತಾಳಗಂಧಿಗಳೆಂಬ ಹೆಸರುಗಳು ಪುಸ್ತಕದಲ್ಲಿ ದೊರೆಯುತ್ತವೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಜಗಲಿಯ ಮೇಲೆ ಕೂರುವ ನಮ್ಮೂರುಗಳಲ್ಲಿ ಬೇಲಿಯ ದಾಯಾದಿ ಗಿಡವನ್ನೂ ಕಾಡಿನ ಗಿಡವನ್ನೂ ದನಗಾಹಿಗಳು, ಬೇರು ಮಾರುವವರು, ಸೂಲಗಿತ್ತಿಯರು ಏನೆಂದು ಕರೆಯುತ್ತಿದ್ದರು, ಎರಡನ್ನೂ ಹೇಗೆ ಬೇರೆಬೇರೆಯಾಗಿ ಗುರುತಿಸುತ್ತಿದ್ದರು, ಎಷ್ಟು ಕೊಡುತ್ತಿದ್ದರು, ಯಾರಿಗೆ ಕೊಡಬಾರದೆನ್ನುತ್ತಿದ್ದರು ಎಂಬುದನ್ನು ಬಲ್ಲ ಎಂಬತ್ತು ದಾಟಿದ ಹಿರಿಯರು ಕೆಲಮಂಗಲ, ತಳಿ, ಅಂಚೆಟ್ಟಿ, ಸೂಳಗಿರಿಗಳ ಕಡೆ ಇನ್ನೂ ಇದ್ದಾರೆ. ಸಮ್ಮೇಳನಕ್ಕೆ ಬರುವ ತರುಣರು ತಮ್ಮ ಮನೆಯ ಅಜ್ಜಿಯಿಂದ ಕೇಳಿ ಅಂಥ ಹೆಸರುಗಳನ್ನು ಊರಿನ ಹೆಸರಿನೊಡನೆ ಒಂದು ಹಾಳೆಯಲ್ಲಿ ಬರೆದು ಸಂಘಕ್ಕೆ ತಲುಪಿಸಿದರೆ, ಮುಂದಿನ ಸಂಚಿಕೆಗೆ ಪಟ್ಟಿಯೊಂದನ್ನು ಸಿದ್ಧಪಡಿಸುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ. ಎಲೆಯೊಂದನ್ನು ಒಣಗಿಸಿ ಹಾಳೆಗೆ ಅಂಟಿಸಿ ಕಳುಹಿಸಿದರೆ ಇನ್ನೂ ಅನುಕೂಲ. ಗೆಣ್ಣಿಗೆ ಮೂರೋ ನಾಲ್ಕೋ ಎಂಬುದನ್ನು ಎಣಿಸಿ ನೋಡಬಹುದು.